ಮಲಿಕ್ ಕಾಫೂರನ ಪಾತ್ರ ಯಾರ ಪಾಲಿಗೆ?

ಬೇಲೂರು, ಹಳೆಯಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಬಹಳ ಹಿಂದಿನಿಂದಲೇ ಅವು ನಾಡಿನ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿದ್ದವು. ಪ್ರವಾಸದ ದಿನಗಳಲ್ಲಿ ಹಳೆಯಬೀಡಿನ ದೇವಾಲಯದ ಮುಂದೆ ಮಕ್ಕಳ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಮಕ್ಕಳು ಕಲ್ಲಿನ ಆನೆಗಳ ಸಾಲನ್ನು ನೋಡುತ್ತಾರೆ, ದೊಡ್ಡ ನಂದಿಯನ್ನು ನೋಡುತ್ತಾರೆ. ಕೊನೆಗೆ ಮೂಗು ಹೋದ, ಕೈ ಮುರಿದ ವಿಗ್ರಹವೊಂದರ ಮುಂದೆ ನಿಂತು, ‘ಇದನ್ನು ಮುರಿದವರು ಯಾರು ಸಾರ್?’ ಎಂದು ಕೇಳುತ್ತಾರೆ. ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅಧ್ಯಾಪಕರು ಅದಕ್ಕೆ ಕೊಡುವ ಉತ್ತರವು ಅದೇ ಸಾಲಿನಲ್ಲಿ ನಿಂತಿರುವ ಕೆಲವು ಮಕ್ಕಳ ಮುಂದಿನ ದಿನಗಳನ್ನು ನಿರ್ಧರಿಸುತ್ತದೆ ಎಂಬುದನ್ನು ಬಲ್ಲವರು ಕಡಿಮೆ.

ನಾವು ಬಸ್ತಿಹಳ್ಳಿಯ ಸುತ್ತಿನವರು. ಹೊಯ್ಸಳೇಶ್ವರ ದೇವಾಲಯದಿಂದ ನಡೆದೇ ಹೋಗಬಹುದಾದ ಈ ಪುಟ್ಟ ಊರಿನಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥರ ಬಸದಿಗಳು ಒಂದೇ ಆವರಣದಲ್ಲಿವೆ. ಆರನೆಯ ತರಗತಿಯಲ್ಲಿದ್ದಾಗ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದವರು ಆ ವರ್ಷ ಹೊಸದಾಗಿ ಬಂದಿದ್ದ ಮೇಷ್ಟ್ರು. ಟಿ.ಸಿ.ಎಚ್. ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರು. ಪುಸ್ತಕ ಓದಿಸಿ, ಪ್ರಶ್ನೋತ್ತರ ಬರೆಸಿ ಮುಗಿಸುವ ಪಾಠ ಅವರಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳು ಮಾಡಿ ಕಲಿಯಬೇಕು, ಆಡಿ ಕಲಿಯಬೇಕು ಎನ್ನುವವರು. ಜ್ವರ ಬಂದ ಹುಡುಗನನ್ನು ತಮ್ಮ ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದವರು. ಅವರು ಒಳ್ಳೆಯವರೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಪ್ರವಾಸದಿಂದ ಮರಳಿದ ಮೇಲೆ ಅವರು ನಮಗೆ ಜೇಡಿಮಣ್ಣು ಕೊಟ್ಟು ಕಂಡದ್ದನ್ನು ಮಾಡಿರಿ ಎಂದರು. ಒಬ್ಬ ನಂದಿ ಮಾಡಿದ, ಇನ್ನೊಬ್ಬಳು ಕಂಬ ಮಾಡಿದಳು. ಎಲ್ಲರಿಗಿಂತ ಚೆನ್ನಾಗಿ ಮಾಡಿದವನು ನಮ್ಮ ಮೊಹಲ್ಲಾದ ಒಬ್ಬ ಹುಡುಗ. ಅವನ ತಂದೆ ದೇವಾಲಯದ ಆವರಣದಲ್ಲಿ ದಿನಗೂಲಿಗೆ ಹುಲ್ಲು ಕತ್ತರಿಸುತ್ತಿದ್ದರು. ತಂದೆಗೆ ಬುತ್ತಿ ಕೊಡಲು ಹೋಗಿ ಬಂದು ಆ ಕಲ್ಲಿನ ಆನೆಗಳನ್ನು ಅವನು ನಮ್ಮೆಲ್ಲರಿಗಿಂತ ಹೆಚ್ಚು ಸಲ ನೋಡಿದ್ದ. ಸೊಂಡಿಲು ಮಡಿಸಿದ ಆನೆಯೊಂದನ್ನು ಅವನು ಮಾಡಿದಾಗ ಮೇಷ್ಟ್ರು ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದರು.

ಮಣ್ಣು ಒಣಗಿದ ಬಳಿಕ ನಾಟಕದ ಸರದಿ ಬಂತು. ಕೆಲವರು ಶಿಲ್ಪಿಗಳು, ಕೆಲವರು ಬಲ್ಲಾಳ ರಾಜನ ಕಡೆಯವರು. ‘ದಿಲ್ಲಿಯ ಸೈನಿಕರು ಯಾರಾಗುತ್ತೀರಿ?’ ಎಂದು ಮೇಷ್ಟ್ರು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಅವರು ಹಾಜರಿ ಪುಸ್ತಕ ತೆರೆದು ನಾಲ್ಕು ಹೆಸರುಗಳನ್ನು ಓದಿದರು. ನಾಲ್ಕೂ ನಮ್ಮವೇ. ಆ ಕ್ಷಣದಲ್ಲಿ ಅವರಿಗೆ ಅದು ಹೊಳೆದಿತ್ತೋ ಇಲ್ಲವೋ ನಾವು ಅರಿಯೆವು. ಪಾತ್ರಕ್ಕೆ ಹೆಸರು ಹೊಂದುತ್ತದೆ ಎಂಬಷ್ಟೇ ಲೆಕ್ಕವಿದ್ದಿರಬಹುದು. ಆನೆ ಮಾಡಿದ ಹುಡುಗನನ್ನು ಸೇನಾಪತಿಯೆಂದು ನಿಲ್ಲಿಸಲಾಯಿತು. ಬೊಂಬೆಗಳನ್ನು ಒಡೆಯಬೇಕು ಎಂದು ಹೇಳಲಾಯಿತು. ಅವನು ಬೇರೆ ಯಾವುದನ್ನೂ ಮುಟ್ಟದೆ ತನ್ನ ಆನೆಯನ್ನೇ ಎತ್ತಿಕೊಂಡು ನಿಂತ. ‘ಒಡಿ, ಒಡಿ’ ಎಂದು ತರಗತಿ ಕೂಗಿತು. ಅವನು ಒಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು, ಅಭಿನಯ ಚೆನ್ನಾಗಿತ್ತು ಎಂದು.

ಆಟ ಅಲ್ಲಿಗೆ ಮುಗಿಯಿತೆಂದು ಮೇಷ್ಟ್ರು ತಿಳಿದರು. ಆದರೆ ಮಕ್ಕಳ ಪಾಲಿಗೆ ಅದು ಅಲ್ಲಿಂದ ಆರಂಭವಾಯಿತು. ಆ ವರ್ಷವಿಡೀ ಆಟದ ಬಯಲಿನಲ್ಲಿ ಅವನಿಗೆ ‘ಕಾಫೂರ’ ಎಂಬ ಹೆಸರೇ ಉಳಿಯಿತು. ಜಗಳವಾದಾಗಲೆಲ್ಲ ಉಳಿದ ಮೂವರಿಗೂ ಅದರ ಪಾಲು ಸಿಗುತ್ತಿತ್ತು. ಏಳನೆಯ ತರಗತಿಗೆ ಅವನು ಬರಲಿಲ್ಲ. ಅರಸೀಕೆರೆಯ ಗ್ಯಾರೇಜೊಂದಕ್ಕೆ ಸೇರಿದ. ಆ ಆಟವೇ ಕಾರಣವೆಂದು ನಾವು ಹೇಳಲಾರೆವು. ಮನೆಯಲ್ಲಿ ಬಡತನವಿತ್ತು, ಓದಿಸುವವರಿರಲಿಲ್ಲ. ಆದರೆ ಶಾಲೆಗೆ ಹೋಗದಿರಲು ಒಂದು ನೆಪ ಸಾಕಾಗಿರುವ ಮನೆಗೆ ನಮ್ಮ ತರಗತಿ ಆ ನೆಪವನ್ನು ಒದಗಿಸಿತು ಎಂಬುದಂತೂ ನಿಜ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ದಾಖಲಿಸಿತು. ಆ ಅಂಕಿಯನ್ನು ಓದಿದಾಗ ನಮಗೆ ನೆನಪಾದದ್ದು ಆ ಜೇಡಿಮಣ್ಣಿನ ಆನೆ.

ದಾಳಿ ನಡೆದೇ ಇಲ್ಲ ಎಂದು ವಾದಿಸುವುದಕ್ಕಾಗಿ ನಾವಿದನ್ನು ಬರೆಯುತ್ತಿಲ್ಲ. ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರನು 1311ರಲ್ಲಿ ದೋರಸಮುದ್ರಕ್ಕೆ ಮುತ್ತಿಗೆ ಹಾಕಿ ಅಪಾರ ಸಂಪತ್ತನ್ನು ಕೊಂಡೊಯ್ದನು. 1327ರ ಸುಮಾರಿಗೆ ತುಘಲಕನ ಸೈನ್ಯವೂ ಬಂತು. ಇದು ಇತಿಹಾಸ. ಇದನ್ನು ಮಕ್ಕಳಿಂದ ಮುಚ್ಚಿಡಬೇಕೆಂದು ಕೋರುವುದು ನಮ್ಮ ಧರ್ಮಕ್ಕೂ ಒಪ್ಪುವಂಥದಲ್ಲ. ಸ್ವಂತ ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷ್ಯ ನುಡಿಯಬೇಕೆಂಬುದು ಕುರ್‌ಆನಿನ ಆದೇಶ (4:135). ಆದರೆ ಒಬ್ಬನ ಭಾರವನ್ನು ಇನ್ನೊಬ್ಬ ಹೊರುವುದಿಲ್ಲ ಎಂಬುದೂ ಅದೇ ಗ್ರಂಥದ ತೀರ್ಪು (6:164). ಏಳುನೂರು ವರ್ಷಗಳ ಹಿಂದಿನ ಸೇನಾಪತಿಯ ಭಾರವನ್ನು ಹುಲ್ಲು ಕತ್ತರಿಸುವವನ ಮಗನ ಹೆಗಲಿಗೆ ಏರಿಸುವುದು ಇತಿಹಾಸದ ಪಾಠವಲ್ಲ, ಅನ್ಯಾಯ.

ಇತಿಹಾಸವನ್ನು ಪೂರ್ತಿಯಾಗಿ ಹೇಳಿದ್ದರೆ ಆ ಅನ್ಯಾಯ ನಡೆಯುತ್ತಿರಲಿಲ್ಲ. ಕಾಫೂರನು ಯಾರು? 1299ರ ಗುಜರಾತ್ ದಾಳಿಯಲ್ಲಿ ಖಂಭಾತ್ ಬಂದರಿನಲ್ಲಿ ಸೆರೆಸಿಕ್ಕ ಗುಲಾಮ, ಹುಟ್ಟಿನಿಂದ ಹಿಂದೂ. ಅವನು ದೋರಸಮುದ್ರಕ್ಕೆ ಬಂದಾಗ ಮೂರನೆಯ ವೀರಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ. ಪಾಂಡ್ಯ ಸಹೋದರರ ಜಗಳದಲ್ಲಿ ತನಗೇನಾದರೂ ದಕ್ಕೀತೇ ಎಂದು ತಮಿಳು ಸೀಮೆಗೆ ದಂಡೆತ್ತಿ ಹೋಗಿದ್ದನು. ಮರಳಿ ಬಂದು ಶರಣಾಗಿ ಕಪ್ಪ ಕೊಟ್ಟ ಬಳಿಕ ಅದೇ ಕಾಫೂರನಿಗೆ ಪಾಂಡ್ಯರ ನಾಡಿನ ದಾರಿ ತೋರಲು ನೆರವಾದನು. ಅದೇ ಬಲ್ಲಾಳನ ಸೇನೆಯಲ್ಲಿ ಮುಂದೆ ಸಾವಿರಾರು ಮುಸ್ಲಿಮರಿದ್ದರೆಂದು ಇಬ್ನ್ ಬತೂತಾ ಬರೆದಿದ್ದಾನೆ. ಇಷ್ಟನ್ನು ಕೇಳಿದ ಮಗು ಇದನ್ನು ಎರಡು ಧರ್ಮಗಳ ಜಗಳವೆಂದು ತಿಳಿಯಲಾರದು. ಅರಸರು ಸಂಪತ್ತಿಗಾಗಿ ಕಾದಾಡಿದರು, ಪ್ರಜೆಗಳು ನೊಂದರು ಎಂದು ತಿಳಿಯುತ್ತದೆ. ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿನ ದ್ವಾರಪಾಲಕ ಮೂರ್ತಿಯನ್ನು ವಿಜಯದ ಗುರುತಾಗಿ ತಮಿಳುನಾಡಿಗೆ ಒಯ್ದವನು ಚೋಳ ದೊರೆ ರಾಜಾಧಿರಾಜ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದವರು ಮರಾಠಾ ದಂಡಿನವರು, ಅದರ ಜೀರ್ಣೋದ್ಧಾರಕ್ಕೆ ನೆರವು ಕಳುಹಿಸಿದವನು ಟಿಪ್ಪು ಸುಲ್ತಾನ. ಇವುಗಳಲ್ಲಿ ಯಾವ ಪಾತ್ರವನ್ನು ಯಾವ ಮಗುವಿಗೆ ಹಾಜರಿ ಪುಸ್ತಕ ನೋಡಿ ಹಂಚಬೇಕು?

ಹೊಸ ಅಧ್ಯಾಪಕರೊಬ್ಬರಿಂದ ಮಕ್ಕಳ ಮನಸ್ಸು ನೊಂದ ಘಟನೆಗಳಲ್ಲಿ ದೇಶವೇ ಬಲ್ಲ ಒಂದು ಘಟನೆಯಿದೆ. ಮಾಜಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಮರು 1999ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ರಾಮೇಶ್ವರದ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾಗ ಅವರು ತಲೆಗೆ ಟೋಪಿ ಧರಿಸಿ, ಜನಿವಾರ ಧರಿಸಿದ ಗೆಳೆಯ ರಾಮನಾಥ ಶಾಸ್ತ್ರಿಯ ಪಕ್ಕದಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಹೊಸದಾಗಿ ಬಂದ ಅಧ್ಯಾಪಕರಿಗೆ ಅದು ಸಹಿಸಲಿಲ್ಲ. ಮುಸ್ಲಿಮ್ ಹುಡುಗನನ್ನು ಹಿಂದಿನ ಬೆಂಚಿಗೆ ಕಳುಹಿಸಿದರು. ಗೆಳೆಯನು ಅಳುತ್ತಾ ಕುಳಿತ ದೃಶ್ಯ ಕಲಾಮರ ನೆನಪಿನಿಂದ ಎಂದೂ ಅಳಿಯಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದದ್ದು ಆಮೇಲೆ ನಡೆದುದನ್ನು. ಇಬ್ಬರು ಹುಡುಗರೂ ಮನೆಗೆ ಹೋಗಿ ತಂದೆಯರಿಗೆ ಹೇಳಿದರು. ಅಧ್ಯಾಪಕರನ್ನು ಕರೆಸಿ ಮಾತನಾಡಿದವರು ಹಿಂದೆ ಕಳುಹಿಸಲ್ಪಟ್ಟ ಹುಡುಗನ ತಂದೆಯಲ್ಲ, ಮುಂದಿನ ಸಾಲಿನಲ್ಲೇ ಉಳಿದ ಹುಡುಗನ ತಂದೆ. ರಾಮೇಶ್ವರ ದೇವಾಲಯದ ಪ್ರಧಾನ ಅರ್ಚಕ ಲಕ್ಷ್ಮಣ ಶಾಸ್ತ್ರಿಗಳು ಮಕ್ಕಳ ಎದುರಿನಲ್ಲೇ, ಎಳೆಯ ಮನಸ್ಸುಗಳಲ್ಲಿ ಭೇದಭಾವದ ವಿಷ ಬಿತ್ತಬೇಡಿ, ಕ್ಷಮೆ ಕೇಳಿ, ಇಲ್ಲವಾದರೆ ಊರು ಬಿಡಿ ಎಂದು ಅಧ್ಯಾಪಕರಿಗೆ ಖಂಡತುಂಡವಾಗಿ ಹೇಳಿದರು. ಅಧ್ಯಾಪಕರು ತಪ್ಪೊಪ್ಪಿಕೊಂಡರಲ್ಲದೆ ಬದಲಾದರು. ಪೊಲೀಸ್ ಠಾಣೆಯಿಲ್ಲ, ಮೆರವಣಿಗೆಯಿಲ್ಲ, ಮಗುವನ್ನು ಶಾಲೆಯಿಂದ ಬಿಡಿಸಿದ್ದೂ ಇಲ್ಲ. ಹಿರಿಯರೊಬ್ಬರು ಸಕಾಲದಲ್ಲಿ ಮಾತನಾಡಿದ್ದರಿಂದ ಮಗುವೂ ಉಳಿಯಿತು, ಅಧ್ಯಾಪಕರೂ ಉಳಿದರು.

ನಮ್ಮ ಊರಿನಲ್ಲಿ ಆಗ ನಡೆದದ್ದೇನು? ಆ ಸುದ್ದಿ ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳಕ್ಕೆ ಬಂದಿತ್ತು. ‘ಬಿಡಿ ಸಾಬ್, ಮಕ್ಕಳ ಆಟ’ ಎಂದರು ಒಬ್ಬರು. ‘ಅಲ್ಲಿಂದ ಬಿಡಿಸಿ ಮದ್ರಸಕ್ಕೆ ಹಾಕಿ’ ಎಂದರು ಇನ್ನೊಬ್ಬರು. ‘ನಾವು ಹೇಳಿದರೆ ನಾಳೆ ನಮ್ಮ ಮೇಲೇ ಬರುತ್ತದೆ’ ಎಂದರು ಮತ್ತೊಬ್ಬರು. ನೂರು ಹೆಜ್ಜೆ ನಡೆದು ಶಾಲೆಗೆ ಹೋಗಿ, ‘ಮೇಷ್ಟ್ರೇ, ಹೀಗಾಯಿತಂತೆ, ಹುಡುಗ ಊಟ ಬಿಟ್ಟಿದ್ದಾನೆ’ ಎಂದು ಹೇಳುವವರು ಒಬ್ಬರೂ ಹೊರಡಲಿಲ್ಲ. ಆ ಮೇಷ್ಟ್ರಿಗೆ ತಮ್ಮಿಂದ ಏನಾಯಿತೆಂಬುದೇ ತಿಳಿಯದೆ ಹೋಯಿತು. ಅವರು ಮುಂದಿನ ವರ್ಷವೂ ಅದೇ ಆಟ ಆಡಿಸಿದರು. ಅವರ ತಪ್ಪಿನಲ್ಲಿ ನಮ್ಮ ಮೌನದ ಪಾಲೂ ಇದೆ ಎಂದು ಈಗ ಅನಿಸುತ್ತದೆ.

ಮೌನ ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2022ರ ನವೆಂಬರ್‌ನಲ್ಲಿ ಮಣಿಪಾಲದ ತಾಂತ್ರಿಕ ಕಾಲೇಜಿನ ತರಗತಿಯಲ್ಲಿ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಯ ಹೆಸರು ಕೇಳಿ, ಅದು ಮುಸ್ಲಿಮ್ ಹೆಸರೆಂದು ತಿಳಿದು, ಅವನನ್ನು ಮುಂಬೈ ದಾಳಿಯ ಭಯೋತ್ಪಾದಕ ಕಸಬ್‌ಗೆ ಹೋಲಿಸಿದರು. ವಿದ್ಯಾರ್ಥಿ ಎದ್ದು ನಿಂತು ಅಲ್ಲಿಯೇ ಪ್ರಶ್ನಿಸಿದನು. ತಮಾಷೆಗೆ ಹೇಳಿದೆ, ನೀನು ನನ್ನ ಮಗನಿದ್ದಂತೆ ಎಂದರು ಪ್ರಾಧ್ಯಾಪಕರು. ಹಾಗಾದರೆ ನಿಮ್ಮ ಮಗನನ್ನು ಇಷ್ಟು ಜನರ ಎದುರಿನಲ್ಲಿ ಭಯೋತ್ಪಾದಕನೆಂದು ಕರೆಯುತ್ತೀರಾ ಎಂದು ಅವನು ಕೇಳಿದನು. ಆ ದೃಶ್ಯವನ್ನು ದೇಶವೇ ನೋಡಿತು. ಸಂಸ್ಥೆಯು ಪ್ರಾಧ್ಯಾಪಕರನ್ನು ತರಗತಿಯಿಂದ ದೂರವಿಟ್ಟು ವಿಚಾರಣೆಗೆ ಆದೇಶಿಸಿತು. ಒಂದು ಕೆಟ್ಟ ಮಾತನ್ನೂ ಆಡದೆ ತನ್ನ ಮಾನವನ್ನು ಕಾಯ್ದುಕೊಂಡ ಆ ಯುವಕನನ್ನು ಅಭಿನಂದಿಸಲೇಬೇಕು. ಆದರೆ ಅವನು ಇಂಜಿನಿಯರಿಂಗ್ ವಿದ್ಯಾರ್ಥಿ. ಹನ್ನೊಂದು ವರ್ಷದ ಹುಡುಗನಿಗೆ ಆ ಧೈರ್ಯವೂ ಆ ಮಾತೂ ಎಲ್ಲಿಂದ ಬರಬೇಕು? ಅವನ ಪರವಾಗಿ ದೊಡ್ಡವರೇ ಮಾತನಾಡಬೇಕು.

ದೊಡ್ಡವರು ಮಕ್ಕಳ ಪರ ಮಾತನಾಡುವ ಬದಲು ಮಕ್ಕಳ ಬಾಯಿಂದ ತಮ್ಮ ಮಾತನ್ನು ಆಡಿಸತೊಡಗಿದಾಗ ಏನಾಗುತ್ತದೆ ಎಂಬುದನ್ನೂ ನಾಡು ಕಂಡಿದೆ. 2019ರ ಡಿಸೆಂಬರ್ 15ರಂದು ಕಲ್ಲಡ್ಕದ ಶ್ರೀರಾಮ ವಿದ್ಯಾಕೇಂದ್ರದ ಕ್ರೀಡೋತ್ಸವದಲ್ಲಿ ಮಕ್ಕಳಿಂದ ಬಾಬರಿ ಮಸೀದಿಯ ಧ್ವಂಸವನ್ನು ಅಭಿನಯಿಸಿ ತೋರಿಸಲಾಯಿತು. ಕೇಂದ್ರ ಸಚಿವರೊಬ್ಬರೂ ಉಪರಾಜ್ಯಪಾಲರೊಬ್ಬರೂ ಅಂದಿನ ಅತಿಥಿಗಳಾಗಿದ್ದರು. ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ತನ್ನ ತೀರ್ಪಿನಲ್ಲಿ ಕಾನೂನಿನ ಉಲ್ಲಂಘನೆಯೆಂದು ಕರೆದಿದ್ದ ಕೃತ್ಯವದು. ಅದನ್ನು ಸಂಭ್ರಮವೆಂದು ಕಲಿತ ಮಗು ನಾಳೆ ತನ್ನ ಪಕ್ಕದ ಬೆಂಚಿನವನನ್ನು ಯಾವ ಕಣ್ಣಿನಿಂದ ನೋಡೀತು?

ಅದಾದ ಐದೇ ವಾರಗಳಲ್ಲಿ, 2020ರ ಜನವರಿ 21ರಂದು, ಬೀದರಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾನೂನಿನ ಕುರಿತು ನಾಟಕವಾಡಿದರು. ಅದಕ್ಕೆ ರಾಜದ್ರೋಹದ ಮೊಕದ್ದಮೆ ಬಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಒಬ್ಬ ವಿದ್ಯಾರ್ಥಿನಿಯ ವಿಧವೆ ತಾಯಿಯೂ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಸಮವಸ್ತ್ರದ ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಪುಟ್ಟ ಮಕ್ಕಳನ್ನು ವಿಚಾರಿಸಿದರು. ಇದು ಬಾಲನ್ಯಾಯ ಕಾಯ್ದೆಗೆ ವಿರುದ್ಧವೆಂದು 2021ರಲ್ಲಿ ಹೈಕೋರ್ಟೇ ಅಭಿಪ್ರಾಯಪಟ್ಟಿತು. 2023ರ ಜೂನ್‌ನಲ್ಲಿ ಮೊಕದ್ದಮೆಯನ್ನೂ ರದ್ದುಪಡಿಸಿತು. ನಾಟಕದ ಒಂದು ಮಾತಿಗೆ ರಾಜದ್ರೋಹದ ಪಟ್ಟ ಕಟ್ಟಿದ್ದು ಅಧಿಕಾರದ ದುರುಪಯೋಗವೆಂಬುದರಲ್ಲಿ ಸಂದೇಹವಿಲ್ಲ. ಆದರೂ ನಮ್ಮವರು ನಡೆಸುವ ಶಾಲೆಗಳು ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವುದು ಒಳಿತು. ಹಿರಿಯರ ರಾಜಕೀಯ ಸಂಕಟಗಳನ್ನು ಒಂಬತ್ತು ಹತ್ತು ವರ್ಷದ ಮಕ್ಕಳ ಬಾಯಿಗೆ ಕೊಡುವ ಅಗತ್ಯವಿದೆಯೇ? ಕಲ್ಲಡ್ಕವನ್ನೂ ಬೀದರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಒಂದೆಡೆ ಧ್ವಂಸದ ಸಂಭ್ರಮ, ಇನ್ನೊಂದೆಡೆ ಮನೆ ಕಳೆದುಕೊಳ್ಳುವ ಭಯ. ಆದರೆ ವೇದಿಕೆಯ ಮೇಲೆ ನಿಂತ ಮಗುವಿಗೆ ಎರಡೂ ಕಡೆ ತನ್ನ ಮಾತು ಇರಲಿಲ್ಲ.

ಅಧ್ಯಾಪಕರು ನೋವನ್ನೇ ಪಾಠವಾಗಿಸಿದ ಒಂದು ಪ್ರಯೋಗ ಅಮೆರಿಕದಲ್ಲಿ ನಡೆದಿತ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಮರುದಿನ, ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರಿನಲ್ಲಿ ಜೇನ್ ಎಲಿಯಟ್ ಎಂಬ ಅಧ್ಯಾಪಕಿ ತಮ್ಮ ಮೂರನೆಯ ತರಗತಿಯ ಬಿಳಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ಒಂದು ಬಣ್ಣದ ಕಣ್ಣಿನವರು ಮೇಲು, ಇನ್ನೊಂದು ಬಣ್ಣದ ಕಣ್ಣಿನವರು ಕೀಳು ಎಂದರು. ಗೆಳೆಯರಾಗಿದ್ದ ಮಕ್ಕಳೇ ಕೆಲವು ಗಂಟೆಗಳಲ್ಲಿ ಪರಸ್ಪರ ಹೀಯಾಳಿಸತೊಡಗಿದರು. ಅದನ್ನು ಮೆಚ್ಚುವವರೂ ಇದ್ದಾರೆ, ಮಕ್ಕಳನ್ನು ಹಾಗೆ ನೋಯಿಸಬಾರದಿತ್ತು ಎನ್ನುವವರೂ ಇದ್ದಾರೆ. ನಾವು ಎರಡನೆಯವರ ಕಡೆಗೆ ವಾಲುತ್ತೇವೆ. ಆದರೂ ಆ ಅಧ್ಯಾಪಕಿ ಎರಡು ಕೆಲಸಗಳನ್ನು ಮರೆಯಲಿಲ್ಲ. ಬಳಿಕ ಸರದಿಯನ್ನು ತಿರುವುಮುರುವು ಮಾಡಿ ಕೀಳೆನಿಸಿಕೊಂಡವರನ್ನು ಮೇಲಿರಿಸಿದರು. ಎಲ್ಲ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅವರಿಗೆ ಏನನಿಸಿತು ಎಂದು ಕೇಳಿದರು. ನಮ್ಮ ತರಗತಿಯಲ್ಲಿ ಸರದಿ ತಿರುಗಲೂ ಇಲ್ಲ, ಯಾರೂ ಏನನ್ನೂ ಕೇಳಲೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಗೂ ಕನ್ನಡಿ ಹಿಡಿಯಬೇಕಾಗಿದೆ. ಅದೇ ಪ್ರವಾಸದ ದಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಅವುಗಳಲ್ಲಿ ಮುಖ ನೋಡಿಕೊಂಡು ನಲಿದ ನಾವು ಒಳಗಿನ ದಿಗಂಬರ ಮೂರ್ತಿಯನ್ನು ಕಂಡು ಕಿಸಕ್ಕನೆ ನಕ್ಕೆವು. ನಮ್ಮೊಡನೆ ಒಬ್ಬ ಜೈನ ಹುಡುಗಿ ಇದ್ದಳು. ಅವಳು ತಲೆ ತಗ್ಗಿಸಿ ಹೊರಗೆ ಹೋಗಿ ಮೆಟ್ಟಿಲಿನ ಮೇಲೆ ಕುಳಿತಳು. ನಕ್ಕವರಲ್ಲಿ ಆನೆ ಮಾಡಿದ ಹುಡುಗನೂ ಇದ್ದ, ನಾವೂ ಇದ್ದೆವು. ಮೇಷ್ಟ್ರು ಅದನ್ನೂ ಕಾಣಲಿಲ್ಲ. ಇತರರನ್ನು ಅಪಹಾಸ್ಯ ಮಾಡಬೇಡಿ, ಕೆಟ್ಟ ಹೆಸರುಗಳಿಂದ ಕರೆಯಬೇಡಿ ಎಂಬ ಅಲ್ ಹುಜುರಾತ್ ಅಧ್ಯಾಯದ ವಚನವನ್ನು (49:11) ನಾವಾಗಲೇ ಮದ್ರಸದಲ್ಲಿ ಕಂಠಪಾಠ ಮಾಡಿದ್ದೆವು. ‘ಕಾಫೂರ’ ಎಂದು ಕರೆದವರು ಆ ವಚನವನ್ನು ಅರಿತಿರಲಿಲ್ಲ. ಅರಿತಿದ್ದ ನಾವು ನಕ್ಕಿದ್ದೆವು. ಯಾರ ತಪ್ಪು ದೊಡ್ಡದು?

ನಮ್ಮ ಮದ್ರಸಗಳ ಮತ್ತು ನಮ್ಮವರೇ ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಬೆತ್ತ ಇನ್ನೂ ಪೂರ್ತಿಯಾಗಿ ಮೂಲೆ ಸೇರಿಲ್ಲ. ಸಬಕ್ ಒಪ್ಪಿಸಲಾಗದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ, ‘ಇವನ ತಂದೆಯೂ ಹೀಗೇ ಇದ್ದ’ ಎನ್ನುವ ಉಸ್ತಾದರಿದ್ದಾರೆ. ಶುಲ್ಕ ಕಟ್ಟದ ಮಗುವಿನ ಹೆಸರನ್ನು ಪ್ರಾರ್ಥನಾ ಸಾಲಿನಲ್ಲಿ ಓದುವ ಶಾಲೆಗಳಿವೆ. ನಮ್ಮ ಶಾಲೆಗಳಲ್ಲಿ ಓದುವ ಮುಸ್ಲಿಮೇತರ ಮಕ್ಕಳು ನಮ್ಮ ಮಾತುಗಳನ್ನು ಕೇಳಿ ಏನನ್ನು ಮನೆಗೆ ಒಯ್ಯುತ್ತಾರೆ ಎಂದು ವಿಚಾರಿಸಿದವರೆಷ್ಟು ಮಂದಿ? ಅನ್ಯರಿಂದ ಬಯಸುವ ಸೂಕ್ಷ್ಮತೆಯನ್ನು ನಾವೇ ತೋರದಿದ್ದರೆ ನಮ್ಮ ದೂರಿಗೆ ಬೆಲೆಯಿರದು.

ಪ್ರವಾದಿ ಮುಹಮ್ಮದ್(ಸ)ರು ತಮ್ಮನ್ನು ಶಿಕ್ಷಕರೆಂದೇ ಪರಿಚಯಿಸಿಕೊಂಡವರು. ಹೊಸದಾಗಿ ಇಸ್ಲಾಮಿಗೆ ಬಂದಿದ್ದ ಮುಆವಿಯಾ ಬಿನ್ ಹಕಮ್(ರ) ಎಂಬವರು ನಮಾಝಿನ ನಡುವೆ ಪಕ್ಕದವರು ಸೀನಿದಾಗ ಬಾಯಿಬಿಟ್ಟು ಹರಸಿದರು. ಸುತ್ತಲಿನವರು ದುರುಗುಟ್ಟಿ ನೋಡಿದರು, ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಬಳಿಕ ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ನಿಂದಿಸಲಿಲ್ಲ, ಮೃದುವಾಗಿ ತಿಳಿಹೇಳಿದರು. ಅವರಿಗಿಂತ ಉತ್ತಮ ಶಿಕ್ಷಕನನ್ನು ತಾನು ಅದಕ್ಕೆ ಮೊದಲೂ ಆಮೇಲೂ ಕಂಡಿಲ್ಲವೆಂದು ಅವರು ಹೇಳಿರುವುದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖಿಸುತ್ತಿದ್ದ ಬಾಲಕ ಅಬೂ ಉಮೈರ್‌ನ ಬಳಿ ಹೋಗಿ ಅದರ ಕುರಿತು ವಿಚಾರಿಸಿದವರೂ ಅವರೇ. ಕುರ್‌ಆನಿನ ‘ಅಬಸ’ ಅಧ್ಯಾಯವನ್ನು ನೋಡಿರಿ. ಮಕ್ಕಾದ ಮುಖಂಡರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಇಬ್ನ್ ಉಮ್ಮಿ ಮಕ್ತೂಮ್(ರ) ಕಲಿಯಬಯಸಿ ಬಂದುದಕ್ಕೆ ಪ್ರವಾದಿವರ್ಯರ(ಸ) ಹುಬ್ಬು ಗಂಟಿಕ್ಕಿತು. ಆ ಹುಬ್ಬನ್ನು ಕಾಣಲಾರದವನ ಪರವಾಗಿಯೂ ಅಲ್ಲಾಹನು ತನ್ನ ಪ್ರವಾದಿಯನ್ನು ಎಚ್ಚರಿಸಿದನು. ಮುಂದೆ ಪ್ರವಾದಿವರ್ಯರು(ಸ) ಅವರನ್ನು ವಿಶೇಷವಾಗಿ ಗೌರವಿಸುತ್ತಿದ್ದರು. ಕಲಿಯಲು ಬಂದವನ ಮನಸ್ಸು ಎಷ್ಟು ಬೆಲೆಬಾಳುವಂಥದ್ದು, ಕಲಿಸುವವನು ತಿದ್ದಿಕೊಳ್ಳುವುದು ಎಷ್ಟು ದೊಡ್ಡ ಗುಣ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೇ?

ಕಾನೂನೂ ಮಗುವಿನ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗು ಭಯ, ಆಘಾತ ಮತ್ತು ಆತಂಕಗಳಿಲ್ಲದೆ ಕಲಿಯಬೇಕೆಂದು ಅದರ 29ನೆಯ ಸೆಕ್ಷನ್ ಹೇಳುತ್ತದೆ. ಆದರೆ ಹೊಸ ಅಧ್ಯಾಪಕರ ಪ್ರತಿಯೊಂದು ಎಡವಟ್ಟನ್ನೂ ಕಾನೂನಿನ ಕೈಗೆ ಒಪ್ಪಿಸುವುದು ಪರಿಹಾರವಲ್ಲ. ದ್ವೇಷದಿಂದ ನೋಯಿಸಿದವನಿಗೂ ಅರಿಯದೆ ನೋಯಿಸಿದವನಿಗೂ ವ್ಯತ್ಯಾಸವಿದೆ. ಮೊದಲನೆಯವನಿಗೆ ಕಾನೂನು ಬೇಕು. ಎರಡನೆಯವನಿಗೆ ಒಬ್ಬ ಹಿರಿಯ ಸಹೋದ್ಯೋಗಿ ಸಾಕು. 2001ರಿಂದ ಸರಕಾರಿ ಶಾಲೆಗಳಲ್ಲಿ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿಗಳಿವೆ. ನಮ್ಮ ಜಮಾಅತ್‌ಗಳು ಮಸೀದಿ ಸಮಿತಿಯ ಚುನಾವಣೆಗೆ ತೋರುವ ಉತ್ಸಾಹದ ಕಾಲುಭಾಗವನ್ನಾದರೂ ಅದಕ್ಕೆ ತೋರಿದ್ದರೆ ಶಾಲೆಯ ಬಾಗಿಲು ನಮಗೆ ಅಪರಿಚಿತವಾಗಿರುತ್ತಿರಲಿಲ್ಲ. ಅಧ್ಯಾಪಕರಲ್ಲಿ ನಮ್ಮ ಕೋರಿಕೆಯೂ ದೊಡ್ಡದೇನಲ್ಲ. ಪಾತ್ರಗಳನ್ನು ಹೆಸರು ನೋಡಿ ಹಂಚಬೇಡಿ, ಚೀಟಿ ಎತ್ತಿಸಿ. ದಾಳಿ ಮಾಡುವವನ ಪಾತ್ರ ಸರದಿಯಂತೆ ಎಲ್ಲರಿಗೂ ಬರಲಿ. ಆಟ ಮುಗಿದ ಮೇಲೆ ಹತ್ತು ನಿಮಿಷ ಮಕ್ಕಳ ಮಾತು ಕೇಳಿ. ತಪ್ಪಾಯಿತೆಂದು ತಿಳಿದರೆ ತರಗತಿಯ ಮುಂದೆಯೇ ಹೇಳಿ. ಅದರಿಂದ ಅಧ್ಯಾಪಕರ ಗೌರವ ಕುಗ್ಗುವುದಿಲ್ಲ.

ಬಸ್ತಿಹಳ್ಳಿಯ ಆ ಹೊಳೆಯುವ ಕಂಬಗಳಿಗೂ ಒಂದು ಕಥೆಯಿದೆ. ಮೇಷ್ಟ್ರು ಅಂದು ಅದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿಯದು. 1638ರಲ್ಲಿ ಹುಚ್ಚಪ್ಪದೇವ ಎಂಬ ವೀರಶೈವನೊಬ್ಬ ಆ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದನು. ವಿಜಯಪ್ಪ ಎಂಬ ಜೈನನು ಅದನ್ನು ಅಳಿಸಿಹಾಕಿದನು. ಎರಡೂ ಕಡೆಯವರ ಮನಸ್ಸು ನೊಂದಿತು. ಊರು ಹೊತ್ತಿ ಉರಿಯಬಹುದಾಗಿತ್ತು. ಆದರೆ ಎರಡೂ ಸಮುದಾಯಗಳ ಹಿರಿಯರು ಸೇರಿ ಕುಳಿತರು. ಮೊದಲು ವಿಭೂತಿ ವೀಳ್ಯಗಳ ಅರ್ಪಣೆಯಾಗಲಿ, ಬಳಿಕ ಜೈನರು ತಮ್ಮ ಪೂಜೆಯನ್ನು ಹಿಂದಿನಂತೆಯೇ ನಡೆಸಿಕೊಳ್ಳಲಿ ಎಂದು ಒಪ್ಪಿ ಶಾಸನ ಬರೆಸಿದರು. ಇಂದಿನ ಕಣ್ಣಿಗೆ ಆ ಒಪ್ಪಂದ ಸರಿಸಮಾನವೆಂದು ತೋರದಿರಬಹುದು. ಆದರೆ ನೊಂದವರನ್ನೂ ನೋಯಿಸಿದವರನ್ನೂ ಒಂದೇ ಚಾವಡಿಯಲ್ಲಿ ಕೂರಿಸುವ ಹಿರಿಯರು ಆ ಕಾಲದಲ್ಲಿ ಈ ಊರಿನಲ್ಲಿದ್ದರು. ಬಸದಿ ಇಂದಿಗೂ ನಿಂತಿದೆ.

ಈ ವರ್ಷವೂ ಜೂನ್‌ನಲ್ಲಿ ಹೊಸ ಅಧ್ಯಾಪಕರು ನಮ್ಮ ಶಾಲೆಗಳಿಗೆ ಬರುತ್ತಾರೆ. ಡಿಸೆಂಬರ್‌ನಲ್ಲಿ ಮಕ್ಕಳ ಬಸ್ಸುಗಳು ಹಳೆಯಬೀಡಿಗೆ ಬರುತ್ತವೆ. ಮುರಿದ ವಿಗ್ರಹದ ಮುಂದೆ ಮಕ್ಕಳು ಅದೇ ಪ್ರಶ್ನೆ ಕೇಳುತ್ತಾರೆ. ಅಂದು ಸಂಜೆ ನಿಮ್ಮ ಮಗು ಊಟ ಬಿಟ್ಟು ಮೂಲೆಯಲ್ಲಿ ಕುಳಿತರೆ ಏನಾಯಿತೆಂದು ಕೇಳಿರಿ. ಕೇಳಿದ ಮೇಲೆ ಮಸೀದಿಯ ಅಂಗಳದಲ್ಲಿ ಅದನ್ನು ಚರ್ಚಿಸಿ ಮುಗಿಸಬೇಡಿ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಗೌಡರನ್ನೋ ಶೆಟ್ಟರನ್ನೋ ಜೊತೆಗೆ ಕರೆದುಕೊಂಡು ಶಾಲೆಗೆ ಹೋಗಿರಿ. ಮೇಷ್ಟ್ರಿಗೆ ಸಲಾಮ್ ಹೇಳಿ, ಕುಳಿತು ಮಾತನಾಡಿರಿ. ನಮ್ಮ ಗೆಳೆಯನಿಗಾಗಿ ಆ ನೂರು ಹೆಜ್ಜೆಗಳನ್ನು ಯಾರೂ ನಡೆಯಲಿಲ್ಲ.